ನೀಲಿ ಹೆಲ್ಮೆಟ್ಟಿಗೆ ಬಲ ಎಲ್ಲಿಂದ ಬರುತ್ತದೆ?

ಬ್ಯಾಡಗಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿರುವ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಆಫ್ರಿಕಾದ ರುವಾಂಡಾದಲ್ಲಿ ಜನರನ್ನು ಕೊಲ್ಲುವಾಗ ನೀಲಿ ಹೆಲ್ಮೆಟ್ ತೊಟ್ಟ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ನಿಂತು ನೋಡಿತಲ್ಲ, ಅಂಥ ಪಡೆ ಯಾಕೆ ಬೇಕು? ಯಾರದೋ ಜಗಳಕ್ಕೆ ನಮ್ಮ ಸೈನಿಕರು ಯಾಕೆ ಸಾಯಬೇಕು?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಯಾರ ಮೇಲೆ ಹೋಗಬೇಕು ಅಂತ ಸ್ವಲ್ಪ ನೋಡೋಣ.

ತನ್ನ ನೆಲದಲ್ಲಿ ಬಲ ಬಳಸುವ ಹಕ್ಕು ತನಗೊಂದಕ್ಕೇ ಇದೆ ಎಂದು ಒಪ್ಪಿಸಿಕೊಂಡದ್ದೇ ರಾಜ್ಯ (ಅಂದರೆ ದೇಶವನ್ನು ಆಳುವ ವ್ಯವಸ್ಥೆ) ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ಹೇಳಿದ್ದನ್ನು ನೀವು ಓದಿರುತ್ತೀರಿ. ವಿಶ್ವಸಂಸ್ಥೆಗೆ ಆ ನೆಲವೂ ಇಲ್ಲ, ಸ್ವಂತ ಸೈನ್ಯವೂ ಇಲ್ಲ. ಸೈನಿಕರನ್ನು ಸದಸ್ಯ ದೇಶಗಳು ಕಳಿಸಬೇಕು. ಅವರು ಏನು ಮಾಡಬಹುದು ಎಂಬುದನ್ನು ಸಾಮಾನ್ಯವಾಗಿ ಭದ್ರತಾ ಮಂಡಳಿ ಬರೆದುಕೊಡಬೇಕು. ಅಲ್ಲಿನ ಐದು ಕಾಯಂ ಸದಸ್ಯ ದೇಶಗಳಲ್ಲಿ ಒಂದು ವಿಟೋ (ತಡೆಮತ) ಹಾಕಿದರೂ ಮುಗೀತು. ಇಷ್ಟಾದ ಮೇಲೂ ಆ ನೆಲದ ಸರ್ಕಾರ ಒಪ್ಪಬೇಕು. ನಮ್ಮ ಕಡೆ ಹೊಲದ ಬದುವಿನ ಜಗಳದಲ್ಲಿ ಹಿರಿಯರ ಮಾತು ನಡೆಯುವುದು ಎರಡೂ ಮನೆಯವರು ಅವರನ್ನು ಒಪ್ಪಿರುವ ತನಕ ಮಾತ್ರ, ಅಲ್ವಾ?

ಸೂಯೆಜ್ ಬಿಕ್ಕಟ್ಟಿನಲ್ಲಿ ಇಸ್ರೇಲ್, ಬ್ರಿಟನ್, ಫ್ರಾನ್ಸ್ ಈಜಿಪ್ಟಿನ ಮೇಲೆ ದಾಳಿ ಮಾಡಿದ ನಂತರ 1956ರಲ್ಲಿ ಈಜಿಪ್ಟಿನ ನೆಲಕ್ಕೆ ಇಂಥ ಪಡೆ ಹೋಯಿತು. ಇಸ್ರೇಲ್ ತನ್ನ ಕಡೆ ಬಿಟ್ಟುಕೊಳ್ಳಲಿಲ್ಲ. 1967ರ ಮೇನಲ್ಲಿ ಈಜಿಪ್ಟ್ "ಹೊರಡಿ" ಅಂದಿತು. ಪಡೆ ಹೊರಡಬೇಕಾಯಿತು. ಜೂನ್ 5ಕ್ಕೆ ಇಸ್ರೇಲ್-ಅರಬ್ ಯುದ್ಧ. ಗಾಜಾದಲ್ಲಿ ಇನ್ನೂ ಉಳಿದಿದ್ದ ಭಾರತದ ಸೈನಿಕರಲ್ಲೂ ಕೆಲವರು ಸತ್ತರು.

ಈಗ ರುವಾಂಡಾ. ಟುಟ್ಸಿ ಜನಾಂಗದವರ ಸಾಮೂಹಿಕ ಕೊಲೆ ಶುರುವಾದ 1994ರ ಏಪ್ರಿಲ್‌ನಲ್ಲಿ ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಸೈನಿಕರಿದ್ದರು. ಬೆಲ್ಜಿಯಂನ 10 ಸೈನಿಕರ ಕೊಲೆಯಾಯಿತು, ಆ ದೇಶ ತನ್ನವರನ್ನು ವಾಪಸ್ ಕರೆಸಿಕೊಂಡಿತು. ಪಡೆಯ ಕಮಾಂಡರ್ ರೋಮಿಯೋ ಡಲೇರ್ ಇನ್ನಷ್ಟು ಸೈನಿಕರನ್ನು ಕೇಳುತ್ತಲೇ ಇದ್ದರು. ಮಂಡಳಿ ಏಪ್ರಿಲ್ 21ರಂದು ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಕೊಲೆ ನಡೆಯುತ್ತಿರುವಾಗಲೇ! ಕೈ ಎತ್ತಿ ಆ ಮತ ಹಾಕಿದವರನ್ನು ಕೇಳಬೇಕಾದ ಪ್ರಶ್ನೆಯನ್ನು ನೀವು ಸೈನಿಕನಿಗೆ ಕೇಳಿದ್ದೀರಿ.

ಅಪ್ಪಣೆ ಸಿಕ್ಕಲ್ಲಿ ಇದೇ ನೀಲಿ ಹೆಲ್ಮೆಟ್ಟಿನವರು ಹೋರಾಡಿದ್ದಾರೆ. ಕಾಂಗೋದಲ್ಲಿ ಅಂತರ್ಯುದ್ಧ ತಡೆಯಲು ಕೊನೆಯ ದಾರಿಯಾಗಿ ಬಲ ಬಳಸಬಹುದು ಎಂದು ಮಂಡಳಿ 1961ರ ಫೆಬ್ರವರಿಯಲ್ಲಿ ಹೇಳಿತು. ಅದೇ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಿಕ್ಕಿತು. ಜನಸಾಮಾನ್ಯರನ್ನು ಕಾಪಾಡುವುದೂ ಪಡೆಯ ಕೆಲಸ ಎಂಬ ಮಾತನ್ನು ಮಂಡಳಿ ನೇರವಾಗಿ ಬರೆದದ್ದು 1999ರಲ್ಲಿ, ಸಿಯೆರಾ ಲಿಯೋನ್‌ಗೆ. ರುವಾಂಡಾ ಆಗಿ ಐದು ವರ್ಷಕ್ಕೆ. ಅಷ್ಟು ತಡವಾದದ್ದು ನನಗೆ ಇವತ್ತಿಗೂ ಸಂಕಟ ತರುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಹೆಚ್ಚು ಕಷ್ಟದ್ದು. ಈ ಕೆಲಸದಲ್ಲಿ ಭಾರತದಷ್ಟು ಸೈನಿಕರನ್ನು ಬೇರೆ ಯಾವ ದೇಶವೂ ಕಳೆದುಕೊಂಡಿಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ಪಡೆಯ ಕಮಾಂಡರ್ ಆಗಿದ್ದಾಗಲೇ ತೀರಿಕೊಂಡರು. ಹೋಗುವುದು ಬೇಡ ಎಂದು ನಾನು ಹೇಳಲಾರೆ. ನಡುವೆ ನಿಲ್ಲುವವರೇ ಇಲ್ಲದ ಕಡೆ ಸಾಯುವವರು ಇನ್ನೂ ಜಾಸ್ತಿ. ಆದರೆ ಸುಮ್ನೆ ಕಳಿಸಿ ಕೂರುವುದೂ ತಪ್ಪು. ಬಲ ಬಳಸಲು ಮಂಡಳಿಯ ಹೊರಗಿನ ದೇಶದ ಸೈನಿಕರನ್ನು ಕೇಳುವ ಮುಂಚೆ, ಆ ದೇಶ ಬಯಸಿದರೆ, ಅವರನ್ನು ಹೇಗೆ ಬಳಸಬೇಕು ಎಂಬ ತೀರ್ಮಾನದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು ಎಂದು ವಿಶ್ವಸಂಸ್ಥೆಯ ಸನ್ನದಿನ 44ನೇ ವಿಧಿಯಲ್ಲೇ ಇದೆ. ಶಾಂತಿಪಾಲನೆಗೂ ಇದೇ ನ್ಯಾಯ ನಡೆಯಬೇಕು ಎಂದು ಭಾರತ ಹಟ ಹಿಡಿಯಬೇಕು. ಆ ವಿಧಿಯನ್ನು ಒಮ್ಮೆ ಓದಿ, ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ, ಹುಬ್ಬಳ್ಳಿ