ನೋಟಾ ಜಾಸ್ತಿ ಬಂದರೆ ಮರುಚುನಾವಣೆ ಆಗುತ್ತಾ?

ಕೊಡಗಿನ ಸಿದ್ದಾಪುರದ ಹತ್ತಿರ ತೋಟ ಇದೆ, ಎರಡೂ ಪಕ್ಷ ನೋಡಿ ಸಾಕಾಗಿದೆ, ನೋಟಾ (ಮೇಲಿನ ಯಾರೂ ಬೇಡ ಎನ್ನುವ ಮತ) ಜಾಸ್ತಿ ಬಂದರೆ ಮರುಚುನಾವಣೆ ಆಗುತ್ತಾ, ಇಲ್ಲ ಸುಮ್ನೆ ಮನೆಯಲ್ಲೇ ಇರಲಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾ ಮೊದಲ ಸ್ಥಾನಕ್ಕೆ ಬಂದರೂ ಅದರ ಕೆಳಗಿರುವ ಅಭ್ಯರ್ಥಿಯೇ ಗೆದ್ದಂತೆ. ಅಭ್ಯರ್ಥಿಯ ಠೇವಣಿ ಉಳಿಯಿತೋ ಹೋಯಿತೋ ಎಂಬ ಲೆಕ್ಕಕ್ಕೂ ನೋಟಾ ಮತ ಹಿಡಿಯುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ಬಟನ್ ಅದು. ಸಿಟ್ಟು ತೋರಿಸಲು ಸರಿ, ಯಾರನ್ನೂ ಸೋಲಿಸಲು ಅಲ್ಲ.

ನಿಮ್ಮ ಬೇಸರ ಗೊತ್ತಾಗುತ್ತೆ. ನಮ್ಮ ತೋಟದಲ್ಲೂ ಆನೆ ಕಾಫಿ ಗಿಡ ಮುರಿದು, ಬಾಳೆ ತಿಂದು ಹೋಗುತ್ತೆ. ಪರಿಹಾರದ ಅರ್ಜಿ ಹಿಡಿದು ಅಲೆಯುವುದು ನಾವು. ಪ್ರಚಾರಕ್ಕೆ ಬಂದವರು ಅಂಗಳದಲ್ಲಿ ಕಾಫಿ ಕುಡಿದು, ರೈಲು ಕಂಬಿ ಬೇಲಿ ಹಾಕಿಸುತ್ತೇವೆ ಎನ್ನುತ್ತಾರೆ. ಎರಡೂ ಕಡೆಯವರದು ಅದೇ ಮಾತು, ಶಾಲಿನ ಬಣ್ಣ ಮಾತ್ರ ಬೇರೆ.

ಆದರೂ ಮನೆಯಲ್ಲಿ ಕೂರಬೇಡಿ. 1952ರಲ್ಲಿ ಕೊಡಗಿಗೆ 24 ಜನರ ಸ್ವಂತ ವಿಧಾನಸಭೆಯೇ ಇತ್ತು. ಈಗ ಸೋಮವಾರಪೇಟೆ ಕ್ಷೇತ್ರವೂ ಹೋಗಿ ಉಳಿದಿರುವುದು ಎರಡೇ ಸೀಟು, ಅದಕ್ಕೇ ಒಂದೊಂದು ಮತಕ್ಕೂ ಬೆಲೆ. 2023ರಲ್ಲಿ ಮಡಿಕೇರಿ, ವಿರಾಜಪೇಟೆ ಎರಡರಲ್ಲೂ ಹಳೆಯ ಶಾಸಕರು ಸೋತರು, ಅಂತರ ಐದು ಸಾವಿರವೂ ಇರಲಿಲ್ಲ. ಅಷ್ಟು ಜನ ಬೇಸರದಿಂದ ಮನೆಯಲ್ಲಿ ಉಳಿದಿದ್ದರೆ ಫಲಿತಾಂಶವೇ ಬೇರೆ, ಅಲ್ವಾ?

ನಾನಾದರೆ ಪಕ್ಷ ಬಿಟ್ಟು ಅಭ್ಯರ್ಥಿ ಎಂಥವರು ಎಂದು ನೋಡುತ್ತೇನೆ. ಅಭ್ಯರ್ಥಿಗಳ ಆಸ್ತಿ, ಕೇಸುಗಳ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಸಿಗುತ್ತೆ. ಪಕ್ಷೇತರರದ್ದೂ ಓದಿ. ಯಾರೂ ಹಿಡಿಸದಿದ್ದರೆ ಆಗ ನೋಟಾ ಒತ್ತಿ. ಬೆಳಿಗ್ಗೆಯೇ ಹೋಗಿಬನ್ನಿ, ಸಂಜೆಯಾದರೆ ನಿಮ್ಮ ಕಡೆ ದಾರಿಯಲ್ಲಿ ಆನೆ ಕಾಟ.