ಸಂಪಾದಕರ ಉತ್ತರ: ನಾಲ್ಕು ದಿನದ ಲಿಸ್ಬನ್, ವಾಪಸಾದ ಲೇಖನ

ಪತ್ರದ ಸಾರ: ಬರೆದವರು ಹೊನ್ನಾವರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕರು. ಬೇಸಿಗೆ ರಜೆಯಲ್ಲಿ, ಸೊಸೈಟಿ ಸಾಲ ತೆಗೆದು, ಹೆಚ್ಚಾಗಿ ಶಿಕ್ಷಕರೇ ಇದ್ದ ತಂಡದೊಂದಿಗೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ನಾಲ್ಕು ದಿನ ಹೋಗಿ ಬಂದಿದ್ದಾರೆ. ಅದರ ಕುರಿತು ಕಳುಹಿಸಿದ ಲೇಖನವನ್ನು ನಾವು ಪ್ರಕಟಿಸದೆ ಹಿಂದಿರುಗಿಸಿದೆವು. ‘ಗೈಡಿನ ಬಾವುಟದ ಹಿಂದೆ ನಡೆದವರು ಬರೆಯಲು ಅರ್ಹರಲ್ಲವೇ? ವಿದೇಶದಲ್ಲಿ ವರ್ಷಗಟ್ಟಲೆ ನೆಲೆಸಿದವರಿಗೆ ಮಾತ್ರ ನಿಮ್ಮ ಪುಟಗಳೇ?’ ಎಂದು ಕೇಳಿದ್ದಾರೆ. ಇನ್ನೊಂದು ಪ್ರಶ್ನೆ ಅವರ ವಿದ್ಯಾರ್ಥಿಗಳದ್ದು: ವಾಸ್ಕೋ ಡ ಗಾಮ ವೀರನೋ, ದರೋಡೆಕೋರನೋ?

ಮಾನ್ಯರೇ,

ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅದು ತಪ್ಪು ವಿಳಾಸಕ್ಕೆ ಬಂದಿದೆ. ಪ್ಯಾಕೇಜ್ ಪ್ರವಾಸದಲ್ಲಿ ಹೋದವರು ಬರೆಯಬಾರದೆಂಬ ನಿಯಮ ಈ ಪತ್ರಿಕೆಯಲ್ಲಿ ಇಲ್ಲ. ಒಂದೇ ಊರಿನಲ್ಲಿ ಬಹುಕಾಲ ಇದ್ದೂ ಆಫೀಸು, ಮಾಲು, ಮನೆ ಬಿಟ್ಟು ಮತ್ತೇನನ್ನೂ ಕಾಣದವರ ಲೇಖನಗಳು ನನ್ನ ಮೇಜಿಗೆ ವಾರವಾರವೂ ಬರುತ್ತವೆ, ಬಂದ ದಾರಿಯಲ್ಲೇ ಹೋಗುತ್ತವೆ. ಸಾಲ ಮಾಡಿ ನಾಲ್ಕು ದಿನಕ್ಕೆಂದು ಹೋದವರ ಕಣ್ಣು ಎಷ್ಟೋ ವೇಳೆ ಹೆಚ್ಚು ಚುರುಕಾಗಿರುತ್ತದೆ. ಕೊಟ್ಟ ದುಡ್ಡಿನ ಲೆಕ್ಕ ಅವರ ತಲೆಯಲ್ಲಿ ಓಡುತ್ತಲೇ ಇರುತ್ತದಲ್ಲ!

ನಿಮ್ಮ ಲೇಖನ ಹಿಂದೆ ಬಂದದ್ದು ಬೇರೆ ಕಾರಣಕ್ಕೆ. ಅದರಲ್ಲಿ ನೀವೇ ಇರಲಿಲ್ಲ. ಬೆಲೆಂ ಗೋಪುರ, ಜೆರೋನಿಮುಸ್ ಮಠ, 28ನೇ ನಂಬರಿನ ಹಳದಿ ಟ್ರಾಮು, ಕಪ್ಪು ಬಿಳಿ ಕಲ್ಲು ಹಾಸಿದ ಜಾರುವ ಕಾಲುದಾರಿ, 1837ರಿಂದ ನಡೆಯುತ್ತಿರುವ ಅಂಗಡಿಯ ಕೆನೆ ತುಂಬಿದ ಬಿಸ್ಕತ್ತಿನಂಥ ಸಿಹಿ, ಅನ್ನ ಸಾರು ಸಿಗದೆ ತಂಡದವರು ಪಟ್ಟ ಪಾಡು, ಎಲ್ಲವೂ ಇದ್ದವು. (ಆ ಅನ್ನ ಸಾರಿನ ಭಾಗವೊಂದನ್ನು ಕನ್ನಡದ ಪ್ರವಾಸಿಗರೆಲ್ಲ ಸೇರಿ ಐದು ವರ್ಷ ಬರೆಯದಿದ್ದರೆ ಸಾಹಿತ್ಯಕ್ಕೆ ನಷ್ಟವಾಗದು.) ಅದರ ನಡುವೆ ಈ ವಾಕ್ಯ: ‘ಭಾರತವನ್ನು ಕಂಡುಹಿಡಿಯಲು ವಾಸ್ಕೋ ಡ ಗಾಮ ಹೊರಟದ್ದು ಈ ಪುಣ್ಯಸ್ಥಳದಿಂದಲೇ.’ ‘ಭಾರತವೇನು ಕಳೆದುಹೋಗಿತ್ತೇ ಸರ್?’ ಎಂದು ಕೇಳುವ ಮಕ್ಕಳಿಗೆ ಪಾಠ ಹೇಳುವವರು ನೀವು. ಆ ವಾಕ್ಯ ನಿಮ್ಮದಲ್ಲ, ಗೈಡಿನದು. ಅವರನ್ನು ದೂರುತ್ತಿಲ್ಲ. ತಮ್ಮ ಊರನ್ನು ತಮ್ಮ ಊರು ಹೇಳಿಕೊಳ್ಳುವ ಹಾಗೆಯೇ ತೋರಿಸುವುದು ಅವರ ಕೆಲಸ. ಅದನ್ನು ನಮ್ಮ ಓದುಗರಿಗೆ ಹಾಗೆಯೇ ದಾಟಿಸುವುದು ನಿಮ್ಮ ಕೆಲಸವಲ್ಲ.

ತಮಾಷೆಯೆಂದರೆ, ಲೇಖನದಲ್ಲಿ ಇಲ್ಲದ ನೀವು ಜಗಳದ ಪತ್ರದಲ್ಲಿ ಇದ್ದೀರಿ. ‘ಮಠದ ಚರ್ಚಿನಲ್ಲಿ ರಾಜರ ಗೋರಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಇಲ್ಲಿ ಆನೆಗೇನು ಕೆಲಸ ಎಂದು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದರು’ ಎಂದು ಬರೆದಿದ್ದೀರಿ. ಈ ಮೂರು ಸಾಲು ಲೇಖನದಲ್ಲಿದ್ದಿದ್ದರೆ ನಾನು ಅದನ್ನು ಹಿಂದಿರುಗಿಸುತ್ತಿರಲಿಲ್ಲ. ಆನೆಗೇನು ಕೆಲಸ? ಅಲ್ಲಿಂದಲೇ ಶುರು ಮಾಡಬಹುದಿತ್ತು.

ಆ ಮಠದ ಕಟ್ಟಡ 1501ರ ಸುಮಾರಿಗೆ ಆರಂಭವಾಯಿತು, ಮುಗಿಯಲು ನೂರು ವರ್ಷ ಹಿಡಿಯಿತು. ಅದಕ್ಕೆ ಹಣ ಬಂದದ್ದು ಬಹುಪಾಲು ‘ಮೆಣಸಿನ ಇಪ್ಪತ್ತನೇ ಪಾಲು’ ಎಂಬ ತೆರಿಗೆಯಿಂದ: ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ. ನೀವು ‘ಕಲ್ಲಿನಲ್ಲಿ ಅರಳಿದ ಕವಿತೆ’ ಎಂದು ಕರೆದ ಕಂಬಗಳಲ್ಲಿ ನಮ್ಮ ಕರಾವಳಿಯ ಕರಿಮೆಣಸಿನ ಪಾಲೂ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಕಥೆ ನಿಮ್ಮ ತಾಲ್ಲೂಕಿನದೇ. ಅದನ್ನು ಬಲ್ಲ ಒಬ್ಬರು ಆ ಕಂಬಗಳ ನಡುವೆ ನಿಂತು ಬಂದಿದ್ದೀರಿ, ಮೆಣಸೆಂಬ ಪದವೇ ಲೇಖನದಲ್ಲಿಲ್ಲ!

ಬಾಗಿಲ ಬಳಿಯ ಗಾಮನ ಗೋರಿಯ ಮುಂದೆ ತಂಡದ ಫೋಟೋ ತೆಗೆಸಿಕೊಂಡಿದ್ದೀರಿ. ಆತ ತೀರಿಕೊಂಡದ್ದು ಕೊಚ್ಚಿಯಲ್ಲಿ, 1524ರ ಡಿಸೆಂಬರ್ 24ರಂದು. ಮೊದಲು ಹೂಳಿದ್ದೂ ಅಲ್ಲಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ. ಅಸ್ಥಿ ಆಮೇಲೆ ಪೋರ್ಚುಗಲ್ಲಿಗೆ ಹೋಯಿತು, ಈ ಮಠ ಸೇರಿದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಆ ಕೆತ್ತನೆಯ ಗೋರಿಯೂ ಅದೇ ಕಾಲದ್ದು. ನೋಡುವವರಿಗೆ ಐನೂರು ವರ್ಷದ್ದೆಂದು ತೋರುತ್ತದೆ, ಹಾಗೆ ತೋರಲೆಂದೇ ಮಾಡಿದ್ದಾರೆ.

ನದಿಯ ದಂಡೆಯ ಶೋಧಕರ ಸ್ಮಾರಕದ ಕಥೆ ಇನ್ನೂ ಸ್ವಾರಸ್ಯದ್ದು. ಅದನ್ನು ‘ಪ್ರಾಚೀನ ವೈಭವದ ಕುರುಹು’ ಎಂದಿದ್ದೀರಿ. 1940ರಲ್ಲಿ ಸಲಾಜಾರ್ ಸರ್ವಾಧಿಕಾರದ ದಿನಗಳಲ್ಲಿ ಒಂದು ವಸ್ತುಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ನಿಲ್ಲಿಸಿದ್ದು ಅದು. ಈಗಿನ ಕಾಂಕ್ರೀಟಿನ ರೂಪ ಬಂದದ್ದು 1960ರಲ್ಲಿ. ಮುಂದಿನ ನೆಲದಲ್ಲಿರುವ ದೊಡ್ಡ ದಿಕ್ಸೂಚಿಯ ಚಿತ್ತಾರ ಅಂದಿನ ದಕ್ಷಿಣ ಆಫ್ರಿಕ ಸರ್ಕಾರದ ಉಡುಗೊರೆ, ಅಂದರೆ ವರ್ಣಭೇದ ನೀತಿಯ ಸರ್ಕಾರದ್ದು. ಇಸವಿಯನ್ನು ಗಮನಿಸಿ. ಸಾಮ್ರಾಜ್ಯಗಳೆಲ್ಲ ಕಳಚಿ ಬೀಳುತ್ತಿದ್ದ ಕಾಲದಲ್ಲಿ ಸಲಾಜಾರ್ ತಮ್ಮದರ ವೈಭವವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ಯಿಸುತ್ತಿದ್ದರು. ಮರುವರ್ಷ ಡಿಸೆಂಬರ್ 19ಕ್ಕೆ ಗೋವಾ ಅವರ ಕೈತಪ್ಪಿ ಭಾರತ ಸೇರಿತು. ಅದನ್ನು ಪೋರ್ಚುಗಲ್ ಒಪ್ಪಿಕೊಂಡದ್ದು 1974ರಲ್ಲಿ, ಕಾರ್ನೇಷನ್ ಹೂವಿನ ಕ್ರಾಂತಿಯಾಗಿ ಸರ್ವಾಧಿಕಾರ ಉರುಳಿದ ಮೇಲೆ. ಕಾರವಾರದಿಂದ ಗೋವಾದ ಗಡಿಗೆ ಎಷ್ಟು ಹೊತ್ತಿನ ದಾರಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಸ್ಮಾರಕದಲ್ಲಿ ಮೂವತ್ತಮೂರು ಆಕೃತಿಗಳಿವೆ. ಹೆಂಗಸು ಒಬ್ಬಳೇ, ಅವಳೂ ಹಡಗುಯಾನಗಳನ್ನು ಪೋಷಿಸಿದ ರಾಜಕುಮಾರ ಹೆನ್ರಿಯ ತಾಯಿಯೆಂಬ ಕಾರಣಕ್ಕೆ. ನಿಮ್ಮ ತಂಡದಲ್ಲಿ ಅರ್ಧಕ್ಕರ್ಧ ಶಿಕ್ಷಕಿಯರಿದ್ದರೆಂದು ಬರೆದಿದ್ದೀರಿ. ಅವರಲ್ಲಿ ಯಾರೂ ಏನೂ ಹೇಳಲಿಲ್ಲವೇ?

ಬೆಲೆಂ ಗೋಪುರದ ಒಂದು ಮೂಲೆಯ ಕಾವಲುಗೂಡಿನ ಕೆಳಗೆ ಸವೆದುಹೋದ ಘೇಂಡಾಮೃಗದ ತಲೆಯಿದೆ. ನಿಮ್ಮ ಫೋಟೋ ಒಂದರಲ್ಲಿ ಅದು ಅಸ್ಪಷ್ಟವಾಗಿ ಬಿದ್ದಿದೆ, ನೀವು ಅದರ ಮಾತೆತ್ತಿಲ್ಲ. ಗುಜರಾತಿನ ಸುಲ್ತಾನ ಇಲ್ಲಿನ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಕೊಟ್ಟ ಪ್ರಾಣಿ, ಅಲ್ಬುಕರ್ಕ್ ಅದನ್ನು ತನ್ನ ರಾಜ ಮನುಎಲ್‌ಗೆ ಸಾಗಹಾಕಿದ. 1515ರ ಮೇ 20ರಂದು ಅದು ಲಿಸ್ಬನ್ನಿನಲ್ಲಿ ಇಳಿಯಿತು. ರಾಜ ಅದಕ್ಕೂ ಒಂದು ಆನೆಗೂ ಜಗಳ ಹಚ್ಚಲು ನೋಡಿದ, ಆನೆ ಓಡಿಹೋಯಿತು. ಮುಂದೆ ಪೋಪರಿಗೆ ಕಾಣಿಕೆಯಾಗಿ ಹಡಗು ಹತ್ತಿಸಿದರು, ಇಟಲಿಯ ಕರಾವಳಿಯಲ್ಲಿ ಹಡಗು ಒಡೆದು, ಸರಪಳಿಯಲ್ಲಿದ್ದ ಪ್ರಾಣಿ ಮುಳುಗಿ ಸತ್ತಿತು. ಜರ್ಮನಿಯ ಕಲಾವಿದ ಡ್ಯೂರರ್ ಅದನ್ನು ಕಣ್ಣಾರೆ ಕಾಣಲೇ ಇಲ್ಲ. ಲಿಸ್ಬನ್ನಿನಿಂದ ಬಂದ ವರ್ಣನೆ ಮತ್ತು ಗೀಚುಚಿತ್ರವನ್ನು ನಂಬಿ, ಮೈಗೆ ಕವಚದ ತಗಡುಗಳನ್ನು ಹೊದಿಸಿ, ಬೆನ್ನ ಮೇಲೆ ಇನ್ನೊಂದು ಪುಟ್ಟ ಕೋಡು ಮೂಡಿಸಿ ಚಿತ್ರ ಕೊರೆದ. ಸುಳ್ಳು ಕೋಡಿನ ಆ ಪ್ರಾಣಿ ಶತಮಾನಗಳ ಕಾಲ ಯೂರೋಪಿನ ಪುಸ್ತಕಗಳಲ್ಲಿ ನಿಜವೆಂದೇ ಓಡಾಡಿತು. ಕಾಣದೆ ಬರೆದ ಡ್ಯೂರರ್‌ಗೆ ಒಂದು ನೆಪವಾದರೂ ಇತ್ತು. ನೀವು ಕಂಡೂ ಕಾಣದವರಂತೆ ಬರೆದಿರಿ ಎಂಬುದೇ ನನ್ನ ತಕರಾರು.

ನಿಮ್ಮ ಪಕ್ಕದಲ್ಲಿ ಕುಳಿತ ಬೇರಾವ ಪ್ರವಾಸಿಗೂ ಗೊತ್ತಿಲ್ಲದ, ನಿಮಗೆ ಗೊತ್ತಿರುವ ಸಂಗತಿ ಒಂದಿದೆ. ಗಾಳಿ. ಗಾಮನ ಹಡಗುಗಳು 1498ರಲ್ಲಿ ಆಫ್ರಿಕದ ಮಲಿಂದಿಯಿಂದ ಇತ್ತ ಬಂದದ್ದು ಸುಮಾರು ಮೂರು ವಾರದಲ್ಲಿ. ಆ ದಾರಿ ಬಲ್ಲ ಒಬ್ಬ ನಾವಿಕ ಜೊತೆಗಿದ್ದ, ನೈರುತ್ಯ ಗಾಳಿ ಬೆನ್ನಿಗಿತ್ತು. ಮರಳುವಾಗ ಆತ ಕಲ್ಲಿಕೋಟೆ ಬಿಟ್ಟದ್ದು ಆಗಸ್ಟ್ ಕೊನೆಯಲ್ಲಿ. ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಮಗುಚಿ ತಳ ಕೆರೆಸಿ, ನೀರು ತುಂಬಿಸಿಕೊಂಡು, ಅಕ್ಟೋಬರ್ 5ರಂದು ಪಶ್ಚಿಮಕ್ಕೆ ಹೊರಟ. ಈಶಾನ್ಯದ ಗಾಳಿ ಇನ್ನೂ ನೆಲೆ ನಿಂತಿರಲಿಲ್ಲ. ಮೂರು ವಾರದ ದಾರಿ ಮೂರು ತಿಂಗಳಾಯಿತು. ಒಸಡು ಊದಿ ಹಲ್ಲು ಮುಚ್ಚುವ ಸ್ಕರ್ವಿ ರೋಗಕ್ಕೆ ಸುಮಾರು ಮೂವತ್ತು ಮಂದಿ ಬಲಿಯಾದರೆಂದು ಹಡಗಿನ ದಿನಚರಿ ಹೇಳುತ್ತದೆ. ನಡೆಸಲು ಆಳಿಲ್ಲದೆ ಸಾವ್ ರಫಾಎಲ್ ಎಂಬ ಹಡಗನ್ನು ಆಫ್ರಿಕದ ದಂಡೆಯಲ್ಲಿ ಸುಟ್ಟರು. ಇನ್ನೆರಡು ತಿಂಗಳು ಕಾಯಬೇಕಿತ್ತು ಎಂದು ನಿಮ್ಮ ಊರಿನ ಯಾವ ಹಳೆಯ ನಾವಿಕನಾದರೂ ಹೇಳುತ್ತಿದ್ದ. ಇದನ್ನು ಲಿಸ್ಬನ್ನಿನ ದಂಡೆಯಲ್ಲಿ ನಿಂತು ನೆನೆಯಬಲ್ಲವರು ನಿಮ್ಮ ತಂಡದಲ್ಲಿ ನೀವೊಬ್ಬರೇ ಇದ್ದಿರಬೇಕು.

ಅದೇ ಅಂಜದೀವಕ್ಕೆ ಗೋವಾದ ಕಡೆಯಿಂದ ಯೂರೋಪ್ ಮೂಲದ ಯಹೂದಿಯೊಬ್ಬ ಮಾತಾಡಿಸಲು ಬಂದ. ಗೂಢಚಾರನೆಂದು ಹಿಡಿದು, ಹೊಡೆದು ಬಾಯಿ ಬಿಡಿಸಿ, ಲಿಸ್ಬನ್ನಿಗೆ ಒಯ್ದರು. ಗಾಸ್ಪರ್ ಡ ಗಾಮ ಎಂಬ ಹೆಸರಿಟ್ಟು ಕ್ರೈಸ್ತನನ್ನಾಗಿ ಮಾಡಿದರು. 1500ರಲ್ಲಿ ಭಾರತಕ್ಕೆ ಹೊರಟ ಪೋರ್ಚುಗೀಸ್ ನಾಯಕ ಕಬ್ರಾಲನ ಹಡಗುಪಡೆಗೆ ಅವನೇ ದುಭಾಷಿ. ಕಲ್ಲಿಕೋಟೆಯಿಂದ ಹಿಡಿದೊಯ್ದ ಕೆಲವರೂ ಅದೇ ಪಯಣದಲ್ಲಿದ್ದರು. ಲಿಸ್ಬನ್ನಿಗೆ ನಮ್ಮ ಕರಾವಳಿಯಿಂದ ಹೋದವರಲ್ಲಿ ನೀವು ಮೊದಲಿಗರೇನಲ್ಲ.

ಮತ್ತೆ, ಮೊನೆಮೊನೆಯಾದ ಕಲ್ಲುಗಳ ‘ತಮಾಷೆಯ ಮನೆ’ ಎಂದು ಒಂದೇ ಸಾಲಿನಲ್ಲಿ ದಾಟಿಸಿದ್ದೀರಲ್ಲ, ಕಾಸ ದುಶ್ ಬಿಕುಶ್. ಈಗ ಅದರಲ್ಲಿ ಕಾದಂಬರಿಕಾರ ಸರಮಾಗು ಹೆಸರಿನ ಪ್ರತಿಷ್ಠಾನವಿದೆ. 1523ರಲ್ಲಿ ಅದನ್ನು ಕಟ್ಟಿಸಿದವನು ಬ್ರಾಸ್, ಅಫೊನ್ಸೊ ಡ ಅಲ್ಬುಕರ್ಕನ ಮಗ. ತಂದೆಯ ಕಾಗದಪತ್ರಗಳನ್ನು ಆಧರಿಸಿ ಅವನು 1557ರಲ್ಲಿ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ ಹೊನ್ನಾವರದ ತಿಮೋಜನ ಹೆಸರಿದೆ. ಗೋವಾದ ಮೇಲೆ ಬೀಳು, ಸಮಯ ಈಗ ಸರಿಯಾಗಿದೆ ಎಂದು 1510ರಲ್ಲಿ ಅಲ್ಬುಕರ್ಕನಿಗೆ ಸಲಹೆ ಕೊಟ್ಟು, ತನ್ನ ಹಡಗುಗಳನ್ನೂ ಜೊತೆಗೆ ತಂದವನು ಅವನು. ಅದಕ್ಕೂ ಐದು ವರ್ಷ ಮೊದಲು ಅಲ್ಮೇಡ ಎಂಬ ಪೋರ್ಚುಗೀಸ್ ವೈಸ್‌ರಾಯ್ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿಯಿಟ್ಟಿದ್ದ! ಹೊಗೆ ಆರುವಷ್ಟರಲ್ಲಿ ಕೈಕುಲುಕಿದ ಆ ತಿಮೋಜನನ್ನು ಏನೆಂದು ಕರೆಯುತ್ತೀರಿ? ನೀವು ಆ ಮನೆಯ ಮುಂದೆ ನಿಂತು, ನಿಮ್ಮ ಊರಿನ ಹೆಸರು ಹೊತ್ತ ಗ್ರಂಥದ ಕರ್ತೃವಿನ ಮನೆ ಅದೆಂದು ಅರಿಯದೆ ನಡೆದು ಹೋದಿರಿ. ಗೈಡಿಗೂ ತಿಮೋಜ ಯಾರೆಂದು ಗೊತ್ತಿರಲಿಕ್ಕಿಲ್ಲ. ಹೇಳಬೇಕಾದವರು ನೀವಾಗಿದ್ದಿರಿ.

ಇನ್ನು ನಿಮ್ಮ ಮಕ್ಕಳ ಪ್ರಶ್ನೆ. ಒಂದೇ ಪದದ ಉತ್ತರವನ್ನು ಅವರಿಗೆ ಕೊಡಬೇಡಿ. ಎರಡು ಸಂಗತಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿರಿ. ಆಫ್ರಿಕದ ದಕ್ಷಿಣ ತುದಿಯ ಕೇಪ್ ಸುತ್ತಿ ಭಾರತಕ್ಕೆ ಬಂದು ಮರಳಿದ ಹಡಗುಯಾನ ಆ ಕಾಲಕ್ಕೆ ಅಸಾಮಾನ್ಯ ಧೈರ್ಯದ್ದು, ಹೋದವರಲ್ಲಿ ಬದುಕಿ ಹಿಂದಿರುಗಿದವರು ಅರ್ಧದಷ್ಟೂ ಇಲ್ಲ. 1502ರಲ್ಲಿ ಎರಡನೆಯ ಸಲ ಬಂದ ಅದೇ ಗಾಮ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ‘ಮೀರಿ’ ಎಂಬ ಹಡಗನ್ನು ತಡೆದು, ದೋಚಿ, ಹೆಂಗಸರು ಮಕ್ಕಳ ಸಮೇತ ಸುಡಿಸಿದ. ಅದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಅವರದೇ ಪಡೆಯ ಗುಮಾಸ್ತ ತೋಮೆ ಲೋಪೆಸ್. ಅದೇ ಯಾನದಲ್ಲಿ ಭಟ್ಕಳದ ಮೇಲೂ ಬಲಪ್ರಯೋಗವಾಗಿ ಕಪ್ಪ ಹೇರಿಕೆಯಾಯಿತು. ಮಕ್ಕಳು ಓದಿ ತಾವೇ ವಾದಿಸಲಿ. ಪಾಠದ ಅವಧಿ ಮುಗಿದರೂ ವಾದ ಮುಗಿಯದಿದ್ದರೆ ಒಳ್ಳೆಯದೇ.

ಅವರಿಗೆ ಇನ್ನೊಂದು ಕೆಲಸವನ್ನೂ ಕೊಡಬಹುದು. 1755ರ ನವೆಂಬರ್ 1ರ ಬೆಳಿಗ್ಗೆ ಲಿಸ್ಬನ್ ಭೂಕಂಪದಲ್ಲಿ ಕುಸಿಯಿತು, ಆಮೇಲೆ ಸಮುದ್ರ ಉಕ್ಕಿತು, ಆಮೇಲೆ ಬೆಂಕಿ ದಿನಗಟ್ಟಲೆ ಉರಿಯಿತು. ನೀವು ಕಾರ್ಮು ಮಠದಲ್ಲಿ ಚಾವಣಿಯಿಲ್ಲದ ಕಮಾನುಗಳನ್ನು ಕಂಡದ್ದು ಅದರ ಗುರುತು. ಮಂತ್ರಿ ಪೊಂಬಾಲ್ ದೇಶದ ಎಲ್ಲ ಚರ್ಚುಗಳ ಪಾದ್ರಿಗಳಿಗೂ ಪ್ರಶ್ನಾವಳಿ ಕಳುಹಿಸಿದ. ಎಷ್ಟು ಹೊತ್ತು ನಡುಗಿತು? ಎಷ್ಟು ಮಂದಿ ಸತ್ತರು? ಸಮುದ್ರ ಮೊದಲು ಏರಿತೋ ಇಳಿಯಿತೋ? ನೆಲ ಬಿರಿಯಿತೇ, ಬಿರುಕಿನಿಂದ ಏನಾದರೂ ಹೊರಬಂತೇ? ಉತ್ತರಗಳು ಇಂದಿಗೂ ಲಿಸ್ಬನ್ನಿನ ತೋರ್ರೆ ದು ತೋಂಬು ಪತ್ರಾಗಾರದಲ್ಲಿವೆ, ಭೂಕಂಪ ವಿಜ್ಞಾನಿಗಳು ಈಗಲೂ ಅವನ್ನು ತಿರುವಿ ಹಾಕುತ್ತಾರೆ. ನಿಮ್ಮ ಕಡೆ ಮಳೆಗಾಲದಲ್ಲಿ ಗುಡ್ಡ ಕುಸಿಯುವುದು ಹೊಸದಲ್ಲ. ಅಂಥದ್ದೇ ಪ್ರಶ್ನೆಗಳನ್ನು ಮಕ್ಕಳ ಕೈಯಲ್ಲಿ ಬರೆಸಿ, ಊರಿನ ಹಿರಿಯರ ಬಳಿ ಕಳುಹಿಸಿ ನೋಡಿ.

ಲೇಖನವನ್ನು ಮತ್ತೆ ಬರೆಯುವಿರಾದರೆ ದಿನಚರಿಯ ಕ್ರಮ ಬೇಡ. ವಿಮಾನ, ವೀಸಾ, ಹೋಟೆಲಿನ ಉಪಾಹಾರ, ಟ್ರಾಮು, ಸಿಹಿ, ಎಲ್ಲವನ್ನೂ ಬಿಡಿ. ಆನೆಯಿಂದ ಆರಂಭಿಸಿ ತಿಮೋಜನ ತನಕ ಬನ್ನಿ, ನಡುವೆ ಗಾಳಿ ಇರಲಿ. ಗೈಡನ್ನೂ ಬಿಡಬೇಡಿ, ಅವರ ಮಾತನ್ನು ಅವರ ಮಾತೆಂದೇ ಹಾಕಿ. ಸಾವಿರದ ಇನ್ನೂರು ಪದ ಸಾಕು. ಫೋಟೋಗಳಲ್ಲಿ ತಂಡದವರು ಸಾಲಾಗಿ ನಿಂತದ್ದು ಬೇಡ, ಆ ಘೇಂಡಾಮೃಗದ ತಲೆಯ ಚಿತ್ರವನ್ನು ದೊಡ್ಡದಾಗಿ ಕಳುಹಿಸಿ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ, ಅದರ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ