ಮಾಳಿಗೆ ಮೇಲಿನ ಮೆಣಸಿನಕಾಯಿ ಅಗಿ (ಎಳೆ ಸಸಿ) ಯಾಕೆ ಬೀಳುತ್ತಿದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿಯ ಕೇಶ್ವಾಪುರ. ಬೀಜ ಹಾಕಿ ಸಸಿ ಮಾಡುತ್ತಿರುವುದು ಇದೇ ಮೊದಲ ಸಲ. ವರ್ಷದ ಖಾರಪುಡಿಗೆ ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯಿಂದಲೇ ಬೀಜ ತೆಗೆದೆ. ಮೃಗಶಿರಾ ಮಳೆ ಶುರುವಾದ ವಾರ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಹಾಕಿದೆ. ಮಣ್ಣು ಕುಂದಗೋಳ ಕಡೆಯ ನಮ್ಮ ತವರಿನ ಹೊಲದ್ದು, ಒಳ್ಳೆ ಎರಿ (ಕಪ್ಪು) ಮಣ್ಣು, ಅದಕ್ಕೆ ಅರ್ಧಕ್ಕರ್ಧ ಸಗಣಿ ಗೊಬ್ಬರ ಸೇರಿಸಿದ್ದೆ. 40 ಬೀಜದಲ್ಲಿ 22 ಹುಟ್ಟಿದವು. ಮಳೆಗೆ ಹೊಡೆತ ಬೀಳಬಾರದು ಅಂತ ತಗಡಿನ ಶೆಡ್ಡಿನ ಒಳಗೆ ಇಟ್ಟು, ದಿನಾ ಬೆಳಿಗ್ಗೆ ಸಂಜೆ ನೀರು ಹಾಕಿದೆ. ಈಗ ಉಳಿದಿರುವುದು 9. ಉದ್ದಕ್ಕೆ, ದಾರದ ಹಾಗೆ ಬೆಳೆದು ಒಂದೊಂದೇ ಬುಡಕ್ಕೆ ಮುರಿದು ಮಲಗುತ್ತಿವೆ. ಕೆಳಗಿನ ಎಲೆ ಹಳದಿ. ಮಣ್ಣಿನ ಮೇಲೆ ಹಸಿರು ಪಾಚಿ, ಸಣ್ಣ ಸಣ್ಣ ಕರಿ ನೊಣ. ಹೋದ ವಾರ ಒಂದು ಚಮಚ ಡಿಎಪಿ ರಸಗೊಬ್ಬರ ಹಾಕಿದೆ, ಇನ್ನೂ ಕೆಟ್ಟಿತು. ನೆರೆಯವರು ಬೂದಿ ಹಾಕಿ ಅನ್ನುತ್ತಾರೆ, ಅತ್ತೆ ಮಜ್ಜಿಗೆ ಹಾಕು ಅನ್ನುತ್ತಾರೆ, ಅಂಗಡಿಯವರು ಟಾನಿಕ್ ಕೊಟ್ಟಿದ್ದಾರೆ. ಮಗಳು ಶಾಲೆಯಿಂದ ಬಂದವಳೇ ಸಸಿ ಎಣಿಸುತ್ತಾಳೆ. ಏನು ಹಾಕಲಿ?

ಉತ್ತರ: ಅಕ್ಕಾವರೇ, ಏನೂ ಹಾಕಬೇಡಿ. ಬೂದಿ ಬೇಡ, ಮಜ್ಜಿಗೆ ಬೇಡ, ಟಾನಿಕ್ ಬೇಡ, ಇವತ್ತಿಗೆ ನೀರೂ ಬೇಡ. ಮೊದಲು ಒಂದು ಕೆಲಸ ಮಾಡಿ, ಮನಸ್ಸಿಗೆ ಕಷ್ಟ ಆಗುತ್ತದೆ ಅಂತ ಗೊತ್ತು, ಆದರೂ ಮಾಡಿ. ಆ 9ರಲ್ಲಿ ತೀರಾ ಸೊರಗಿದ ಒಂದು ಅಗಿಯನ್ನು ಮಣ್ಣಿನ ಸಮೇತ ಚಮಚದಿಂದ ಎಬ್ಬಿಸಿ, ಬೇರು ತೊಳೆದು ನೋಡಿ. ಬೇರು ಬೆಳ್ಳಗೆ, ಕವಲು ಕವಲಾಗಿ ಇದ್ದರೆ ಸಸಿಗೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿದರೆ ಅದು ಕೊಳೆತಿದೆ. ನೀವು ಹೇಳಿದ್ದನ್ನೆಲ್ಲ ಕೇಳಿದರೆ ಕೊಳೆತೇ ಇರಬೇಕು ಅಂತ ನನಗೆ ಅನಿಸುತ್ತದೆ. ನಾನೂ ಮೊದಲ ವರ್ಷ ಒಂದು ಪೂರ್ತಿ ಸಸಿ ಮಡಿಯನ್ನು ಹೀಗೇ ಕಳೆದುಕೊಂಡೆ. ಬೇರು ನೋಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎಲೆ ನೋಡಿ ನೋಡಿ ಮೇಲಿಂದ ಏನೇನೋ ಸುರಿಯುತ್ತಿದ್ದೆ.

ಬುಡಕ್ಕೆ ಮಲಗುವ ಈ ಕಾಯಿಲೆಗೆ ಸಸಿ ಕೊಳೆ ರೋಗ ಅನ್ನುತ್ತಾರೆ. ಮಣ್ಣಿನ ಮಟ್ಟದಲ್ಲಿ ದಂಟು ನೆನೆದಂತೆ ಆಗಿ, ಸಣ್ಣಗೆ ಹಿಂಡಿದ ಹಾಗೆ ಆಗಿ, ಮೇಲೆ ಎಲೆ ಹಸಿರಾಗಿ ಇರುವಾಗಲೇ ಸಸಿ ಬೀಳುತ್ತದೆ. ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿ ಇದಕ್ಕೆ ಮುಖ್ಯ ಕಾರಣ, ರೈಜಾಕ್ಟೋನಿಯಾ ಅಂತ ಇನ್ನೊಂದು. ಪಿಥಿಯಂನ ಬೀಜಾಣು ನೀರಿನಲ್ಲಿ ಈಜಿಕೊಂಡು ಒಂದು ಸಸಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಡಬ್ಬಿಯಲ್ಲಿ ಸದಾ ನೀರು ನಿಂತರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ ಅಲ್ವಾ? ಪಾಚಿ, ಕರಿ ನೊಣ ಎರಡೂ ಅದನ್ನೇ ಹೇಳುತ್ತಿವೆ. ಮೇಲ್ಮಣ್ಣು ಒಂದು ದಿನವೂ ಒಣಗಿಲ್ಲ.

ಎರಿ ಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯವರಿಗೆ ಆ ಮಣ್ಣಿನ ಮೇಲೆ ಪ್ರೀತಿ ಜಾಸ್ತಿ. ಹೊಲದಲ್ಲಿ ಅದು ಚಿನ್ನ. ಕುಂದಗೋಳ, ಹುಬ್ಬಳ್ಳಿ, ಗದಗ ಸುತ್ತ ಮಳೆ ನೆಚ್ಚಿಕೊಂಡು ಮೆಣಸಿನಕಾಯಿ ಬೆಳೆಯಲು ಸಾಧ್ಯವಾಗಿರುವುದೇ ಅದು ನೀರನ್ನು ಬಹಳ ದಿನ ಹಿಡಿದಿಡುತ್ತದೆ ಅಂತ. ಆದರೆ ಆ ಗುಣವೇ ಡಬ್ಬಿಯಲ್ಲಿ ಮುಳುವಾಗುತ್ತದೆ. ಅದರ ಕಣ ಬಹಳ ಸಣ್ಣ, ಒದ್ದೆಯಾದರೆ ಉಬ್ಬಿಕೊಂಡು ನಡುವಿನ ಸಂದಿ ಮುಚ್ಚುತ್ತದೆ, ಆಗ ಬೇರಿಗೆ ಗಾಳಿ ಇಲ್ಲ. ಬೇರೂ ಉಸಿರಾಡಬೇಕು. ಗಾಳಿ ಸಿಗದ ಬೇರು ನೀರಿನ ನಡುವೆಯೇ ಇದ್ದರೂ ನೀರು ಎಳೆಯಲಾರದು, ಹಾಗಾಗಿ ಸಸಿ ಬಾಡುತ್ತದೆ, ಬಾಡಿತು ಅಂತ ನಾವು ಮತ್ತೆ ನೀರು ಹಾಕುತ್ತೇವೆ, ಅದು ಇನ್ನಷ್ಟು ಬಾಡುತ್ತದೆ. ನಮ್ಮ ರೈತರು ಅಗಿ ಮಡಿಯನ್ನು ನೆಲದಿಂದ ಸುಮಾರು ಅರ್ಧ ಅಡಿ ಎತ್ತರ ಮಾಡುವುದು ಸುಮ್ನೆ ಅಲ್ಲ. ಮಳೆ ನೀರು ಎರಡೂ ಬದಿ ಇಳಿದು ಹೋಗಲಿ ಅಂತ. ನಿಮ್ಮ ಡಬ್ಬಿಯ ತಳಕ್ಕೆ ತೂತು ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಮೊಳೆ ಕಾಯಿಸಿ ಐದಾರು ತೂತು ಮಾಡಿ.

ಈಗ ಉಳಿದ ಎಂಟನ್ನು ಉಳಿಸೋಣ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ತಂದು ನೀರಲ್ಲಿ ನೆನೆಸಿ, ಎರಡು ಮೂರು ಸಲ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುವುದರಿಂದ ತೊಳೆಯುವುದನ್ನು ಬಿಡಬೇಡಿ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಮಸಾರಿ (ಕೆಂಪು) ಮಣ್ಣು ಅಥವಾ ದಪ್ಪ ಮರಳು. ಇಷ್ಟೇ. ಸಣ್ಣ ಲೋಟಗಳಿಗೆ ತುಂಬಿ ಒಂದೊಂದರಲ್ಲಿ ಒಂದೇ ಅಗಿ ಹಚ್ಚಿ. ಎತ್ತುವಾಗ ಎಲೆ ಹಿಡಿಯಿರಿ, ದಂಟು ಹಿಡಿಯಬೇಡಿ. ಎಲೆ ಹೋದರೆ ಇನ್ನೊಂದು ಬರುತ್ತದೆ, ದಂಟು ನಲುಗಿದರೆ ಸಸಿಯೇ ಹೋಯಿತು. ಉದ್ದ ಆಗಿದೆ ಅಂತ ಕುತ್ತಿಗೆವರೆಗೆ ಹೂಳುವುದು ಟೊಮೆಟೊಗೆ ಸರಿ, ಅದರ ದಂಟಿನಿಂದಲೇ ಬೇರು ಬರುತ್ತದೆ. ಮೆಣಸಿನಕಾಯಿಗೆ ಒಂದು ಬೆರಳಿನ ಅಗಲ ಸಾಕು. ಹಚ್ಚಿದ ಮೇಲೆ ಒಮ್ಮೆ ನೀರು. ಆಮೇಲೆ ಲೋಟ ಎತ್ತಿ ನೋಡಿ, ಹಗುರ ಅನಿಸಿದಾಗ ಮಾತ್ರ ನೀರು, ಅದೂ ಬೆಳಿಗ್ಗೆ. ಈ ಜಿಟಿಜಿಟಿ ದಿನಗಳಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಆದರೂ ಸಾಕಾಗಬಹುದು.

ಡಿಎಪಿ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಮಾಡುವ ತಪ್ಪು. ಅದರಲ್ಲಿ ನೂರಕ್ಕೆ 18 ಪಾಲು ಸಾರಜನಕ, 46 ಪಾಲು ರಂಜಕ. ಎಕರೆ ಲೆಕ್ಕದ ಗೊಬ್ಬರ ಅದು. ಒಂದು ಡಬ್ಬಿಗೆ ಒಂದು ಚಮಚ ಬಿದ್ದರೆ ಬೇರಿನ ತುದಿ ಸುಡುತ್ತದೆ. ಸಗಣಿ ಗೊಬ್ಬರವೂ ಅಷ್ಟೇ, ಕೈಗೆ ತೆಗೆದುಕೊಂಡಾಗ ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ ಅಂತ ಅರ್ಥ. ತಿಪ್ಪೆಯ ಅಡಿಯಲ್ಲಿ ವರ್ಷ ಕಳೆದು ಪುಡಿಪುಡಿ ಆದದ್ದಾದರೆ ಸರಿ. ಬೂದಿ ಯಾಕೆ ಬೇಡ ಅಂದರೆ ಎರಿ ಮಣ್ಣು ಮೊದಲೇ ಕ್ಷಾರದ್ದು, ಬೂದಿ ಅದನ್ನು ಇನ್ನೂ ಕ್ಷಾರ ಮಾಡುತ್ತದೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಮಜ್ಜಿಗೆ ದೊಡ್ಡ ಗಿಡವಾದ ಮೇಲೆ ನೋಡೋಣ.

ಉದ್ದಕ್ಕೆ ಬೆಳೆದದ್ದು ಬೆಳಕಿಲ್ಲದೆ. ಶೆಡ್ಡಿನ ಒಳಗೆ ನಮ್ಮ ಕಣ್ಣಿಗೆ ಬೆಳಕು ಕಾಣುತ್ತದೆ, ಸಸಿಗೆ ಅದು ಸಾಲದು. ಮಾಳಿಗೆಯ ಮೂಡಣ ಗೋಡೆ ಪಕ್ಕ ಇಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಿ, ನಾಲ್ಕೂ ಬದಿ ಗಾಳಿಗೆ ಬಿಡಿ. ಗಾಳಿಗೆ ಅಲುಗಾಡಿದಷ್ಟೂ ದಂಟು ಗಟ್ಟಿಯಾಗುತ್ತದೆ. ಒಮ್ಮೆಲೇ ಬಿಸಿಲಿಗೆ ಇಡಬೇಡಿ, ಮೊದಲ ದಿನ ಒಂದು ತಾಸು, ಹೀಗೆ ವಾರದಲ್ಲಿ ಏರಿಸಿ.

ಔಷಧಿ ಬೇಕೇ ಬೇಕಾ ಅಂದರೆ, ಎಂಟು ಸಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೊಸ ಮಣ್ಣಿನಲ್ಲೂ ಬುಡ ಮಲಗಿದರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ತಾಮ್ರದ ಔಷಧಿ ಕಲಸಿ ಬುಡಕ್ಕೆ ಸ್ವಲ್ಪ ಹಾಕಿ, ಕೈಗೆ ಗ್ಲೌಸ್ ಇರಲಿ, ಮಗಳನ್ನು ದೂರ ಇಡಿ. ಕೊಳೆ ರೋಗ ತಡೆಯುವ ಜೈವಿಕ ಔಷಧಿ ಟ್ರೈಕೋಡರ್ಮಾ ಬಳಸುವುದಾದರೆ ಅದರ ಜೊತೆ ತಾಮ್ರದ ಔಷಧಿ ಬೇಡ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ತಾಮ್ರದಿಂದ ಅದಕ್ಕೂ ಪೆಟ್ಟು ಬೀಳಬಹುದು.

ಇನ್ನು ಬೀಜ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಆ ಪ್ರದೇಶದ ವಿಶೇಷ ಬೆಳೆ ಅನ್ನುವ ಮಾನ್ಯತೆ, ಸಿಕ್ಕಿದೆ. ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಆದರೆ ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ಆಂಧ್ರದ ಕಡೆಯ ಕಾಯಿಯೂ ಬರುತ್ತದೆ, ಹೈಬ್ರಿಡ್ ಕೂಡ ಇರುತ್ತದೆ. ಹೈಬ್ರಿಡ್ ಕಾಯಿಯ ಬೀಜ ಹಾಕಿದರೆ ತಾಯಿ ಗಿಡದಂತೆ ಬರುವ ಖಾತ್ರಿ ಇಲ್ಲ. ಕಾಯಿ ಎಷ್ಟು ಹಳೆಯದು ಅಂತಲೂ ನಮಗೆ ತಿಳಿಯುವುದಿಲ್ಲ. ನಿಮ್ಮದು 40ಕ್ಕೆ 22 ಹುಟ್ಟಿದ್ದು ಕೆಟ್ಟ ಫಲ ಏನಲ್ಲ, ಆದರೂ ಈ ವಾರವೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ವಿಚಾರಿಸಿ, ಸಿಕ್ಕರೆ ಹೊಸ ಬೀಜವನ್ನೂ ಒಂದಿಷ್ಟು ಹಾಕಿ. ಕುಂಡದಲ್ಲಿ ಬೆಳೆಸುವವರಿಗೆ ಇನ್ನೂ ತಡವಾಗಿಲ್ಲ. 40 ದಿನದ ಅಗಿ ಆಗಸ್ಟ್ ಕೊನೆಗೆ ದೊಡ್ಡ ಕುಂಡಕ್ಕೆ ಹೋಗುತ್ತದೆ. ಮಗಳ ಕೈಯಿಂದಲೇ ಬೀಜ ಹಾಕಿಸಿ.

ಪ್ರಶ್ನೆ: ಗದಗದಿಂದ ಬರೆಯುತ್ತಿದ್ದೇನೆ. ಅಗಿ ಬಿದ್ದಿಲ್ಲ, ಆದರೆ ಎಲೆಯ ಅಂಚು ಸುಟ್ಟಂತೆ ಕಂದಾಗಿದೆ, ಮೇಲಿನ ಎಲೆ ಮುದುಡಿದೆ. ಬೋರ್ ನೀರು ಹಾಕುತ್ತೇನೆ. ಕುಂಡದ ಅಂಚಿಗೆ ಬಿಳಿ ಪುಡಿ ಕೂತಿದೆ.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಬಿಳಿ ಪುಡಿ ನೀರಿನ ಉಪ್ಪು, ಅಂಚು ಸುಡುವುದು ಅದರಿಂದಲೇ. ಈಗ ಮಳೆಗಾಲ, ಮಾಳಿಗೆಯ ನೀರು ಇಳಿಯುವ ಪೈಪಿನ ಕೆಳಗೆ ಒಂದು ಡ್ರಮ್ ಇಡಿ. ಮೊದಲ ಮಳೆಯ ಕೊಳೆ ನೀರು ಬಿಟ್ಟು ಆಮೇಲಿನದನ್ನು ಹಿಡಿದು, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ, ಸಸಿಗೆ ಅದನ್ನೇ ಹಾಕಿ. ಮುದುಡುವುದು ಮುಟರು ರೋಗ ಇರಬಹುದು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ, ಕೆಳಮುಖವಾಗಿ ಮಡಚಿ ಎಲೆಯ ತೊಟ್ಟು ಉದ್ದವಾಗಿದ್ದರೆ ನುಸಿ. ಬಿಳಿ ಹಾಳೆ ಹಿಡಿದು ಎಲೆ ತಟ್ಟಿ, ಥ್ರಿಪ್ಸ್ ಇದ್ದರೆ ಸಣ್ಣ ಗೆರೆಯಂತೆ ಓಡಾಡುತ್ತದೆ. ಲೀಟರ್ ನೀರಿಗೆ 2 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಪ್ರಶ್ನೆ: ಹಾವೇರಿಯ ನರ್ಸರಿಯಿಂದ ಟ್ರೇ ಅಗಿ ತಂದು ಹಿತ್ತಲಲ್ಲಿ ಹಚ್ಚಿದೆ. ಅಲ್ಲಿ ಚೆಂದ ಇತ್ತು, ಇಲ್ಲಿ ಎರಡೇ ದಿನಕ್ಕೆ ಬಾಡಿತು. ನರ್ಸರಿಯವರು ಮೋಸ ಮಾಡಿದರಾ?

ಉತ್ತರ: ಮೋಸ ಅಂತ ಅನಿಸುವುದಿಲ್ಲ. ನೆರಳು ಬಲೆಯ ಕೆಳಗೆ ಬೆಳೆದದ್ದು ನೇರ ಬಿಸಿಲಿಗೆ ಬಂದರೆ ಬಾಡುತ್ತದೆ. 98 ಗುಂಡಿಯ ಟ್ರೇಯಲ್ಲಿ ಒಂದೊಂದಕ್ಕೂ ಸಿಗುವ ಬೇರಿನ ಜಾಗ ಬಹಳ ಸಣ್ಣದು, ಹಾಗಾಗಿ ಆ ಬಿಸಿಲಿಗೆ ಬೇಕಾದಷ್ಟು ನೀರು ಎಳೆಯಲಾರದು. ಮುಂದಿನ ಸಲ ತಂದ ಟ್ರೇಯನ್ನು ನಾಲ್ಕೈದು ದಿನ ಮನೆಯ ಅರೆನೆರಳಲ್ಲಿ ಇಟ್ಟು, ನೀರು ಸ್ವಲ್ಪ ಕಡಿಮೆ ಮಾಡಿ, ಮೋಡ ಇರುವ ಸಂಜೆ ಬೇರಿನ ಗುಡ್ಡೆ ಒಡೆಯದಂತೆ ಹಚ್ಚಿ. ಈಗ ಬಾಡಿರುವುದಕ್ಕೆ ಮೂರು ದಿನ ತೆಂಗಿನ ಗರಿ ನೆರಳು ಮಾಡಿ. ನಡು ಚಿಗುರು ಹಸಿರಾಗಿದ್ದರೆ ಕೀಳಬೇಡಿ, ಕೆಳಗಿನ ಎಲೆ ಉದುರಿದರೂ ಮತ್ತೆ ಚಿಗುರುತ್ತದೆ.